ಊರಿಗೆ ಒಬ್ಬ ಕಡಿಮೆ

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣಿಸಿಕೊಳ್ಳುತ್ತಿರಲಿಲ್ಲ. ಕಚೇರಿಗೂ ಬೀದಿಗೂ ಅವನು ಅರೆಬರೆ. ಆ ಹೆಸರಿಟ್ಟ ಪುಣ್ಯಾತ್ಮ ಯಾರೋ, ಕೈಮುಗಿಯಬೇಕು. ಅವನ ಅಂಗಿಯ ಎಡಭಾಗ ಪ್ಯಾಂಟಿನೊಳಗಿದ್ದರೆ ಬಲಭಾಗ ಗಾಳಿಗೆ. ಟೀ ಅರ್ಧ ಕುಡಿದು ಮರೆಯುತ್ತಿದ್ದ. ಮಾತು ಶುರು ಮಾಡಿ ಕೊನೆಯನ್ನು ಕೇಳುವವರ ಊಹೆಗೆ ಬಿಡುತ್ತಿದ್ದ. ಒಮ್ಮೆ ಕ್ಷೌರದಂಗಡಿಯಿಂದ ಏನೋ ನೆನಪಾಗಿ ನಡುವೆಯೇ ಎದ್ದು ಬಂದು, ಎರಡು ದಿನ ಒಂದು ಕಿವಿಯ ಮೇಲೆ ಕಾಡು, ಇನ್ನೊಂದರ ಮೇಲೆ ಬಯಲು ಹೊತ್ತು ಓಡಾಡಿದ್ದ. ಆ ನೆನಪಾದದ್ದೇನು ಅಂತ ಕೇಳಿದರೆ ಅದೂ ಮರೆತುಹೋಗಿತ್ತು.

ಇಂಥವನು ಒಂದು ಮಧ್ಯಾಹ್ನ ಪಂಡಿತನಾಗಿಬಿಟ್ಟ. ಕಾರಣ ಒಂದು ಟಾರ್ಚು.

ಅವನ ಕೆಲಸ ನೋಂದಣಿ ಕಚೇರಿಯಲ್ಲಿ. ಊರಿನಲ್ಲಿ ಯಾರು ಹುಟ್ಟಿದರು, ಯಾರು ಹೋದರು, ಯಾರು ಯಾವ ಮನೆಯಲ್ಲಿದ್ದಾರೆ ಅನ್ನುವುದನ್ನೆಲ್ಲ ಬರೆದಿಡುವ ಜಾಗ. ಮೊದಲು ದಪ್ಪ ದಪ್ಪ ಪುಸ್ತಕಗಳಿದ್ದವು. ಈಗ ಒಂದು ಕಂಪ್ಯೂಟರು. ಅದಕ್ಕೆಂದೇ ನೇಮಕವಾಗಿದ್ದವರು ವರ್ಗವಾಗಿ ಹೋಗಿ ಎರಡು ವರ್ಷವಾಗಿತ್ತು. ಅಂದು ಅದು ಕೆಟ್ಟಿತ್ತು. ರಿಪೇರಿಯವನು ಮೇಜಿನಡಿ ಅಂಗಾತ ಮಲಗಿ ತಂತಿ ತಿರುಚುತ್ತಿದ್ದರೆ, ಟಾರ್ಚು ಹಿಡಿಯುವ ಭಾಗ್ಯ ಅರೆಬರೆಯದು. ರಿಪೇರಿ ಮುಗಿಸಿ, ಪರೀಕ್ಷೆಗೆಂದು ರಿಪೇರಿಯವನು ಒಂದು ಸಾಲು ಒತ್ತಿದ. ಪರದೆಯ ಮೇಲೆ ಊರಿನ ಟೈಲರುಗಳೆಲ್ಲ ಸಾಲಾಗಿ ಬಂದು ನಿಂತರು.

"ಏನಪ್ಪ ಇದು ಮಾಯ?" ಅಂದ ಅರೆಬರೆ.

"ಮಾಯ ಅಲ್ಲಣ್ಣ, ಕ್ವೆರಿ. ಪಟ್ಟಿಗೆ ಪ್ರಶ್ನೆ ಕೇಳೋದು. ಮೂರು ಮಾತು ಸಾಕು. ಸೆಲೆಕ್ಟ್ ಅಂದ್ರೆ ಏನು ಬೇಕು. ಫ್ರಮ್ ಅಂದ್ರೆ ಯಾವ ಪಟ್ಟಿಯಿಂದ. ವೇರ್ ಅಂದ್ರೆ ಎಂಥವರು ಬೇಕು ಅನ್ನೋ ಷರತ್ತು. ಅಂಗಡೀಲಿ ಕೇಳ್ತೀರಲ್ಲ, ಹಾಗೇ."

"ಅಂಗಡೀಲಿ ನಾನು ಕೇಳಿದ್ರೆ ಬೈತಾರೆ."

"ಇದು ಬೈಯಲ್ಲ. ಸರಿಯಾಗಿ ಕೇಳಿದ್ರೆ ಸರಿಯಾದ್ದು ಕೊಡುತ್ತೆ. ತಪ್ಪಾಗಿ ಕೇಳಿದ್ರೆ ತಪ್ಪನ್ನೂ ಅಷ್ಟೇ ಮರ್ಯಾದೆಯಿಂದ ಕೊಡುತ್ತೆ."

ಜೀವಮಾನದಲ್ಲಿ ತನ್ನನ್ನು ಬೈಯದ ಒಂದು ವಸ್ತು ಸಿಕ್ಕಿತೆಂದು ಅರೆಬರೆಗೆ ಕಣ್ಣು ತುಂಬಿ ಬಂತು. ಮೂರೂ ಮಾತನ್ನು ಹಳೇ ಲಕೋಟೆಯ ಹಿಂಬದಿಯಲ್ಲಿ ಬರೆದುಕೊಂಡು, ಎದೆಯ ಜೇಬಿನಲ್ಲಿಟ್ಟುಕೊಂಡು, ಎದೆ ಉಬ್ಬಿಸಿ ಮನೆಗೆ ನಡೆದ.

ಅವತ್ತಿನಿಂದ ಮನೆಯವರಿಗೆ ಗ್ರಹಚಾರ ಶುರುವಾಯಿತು.

"ಸೆಲೆಕ್ಟ್ ಊಟ, ಫ್ರಮ್ ಅಡುಗೆಮನೆ, ವೇರ್ ಬಿಸಿ ಇರುವುದು," ಅಂದ ತಟ್ಟೆಯ ಮುಂದೆ ಕೂತು.

"ಬಿಸಿ ಇರೋದು ನನ್ನ ತಲೆ ಒಂದೇ. ಬಡಿಸ್ಲಾ?" ಅಂದಳು ಹೆಂಡತಿ. ಅವಳಿಗಾಗ ಮೊಣಕಾಲಿಗೆ ಪೆಟ್ಟು ಬಿದ್ದಿತ್ತು. ಬಚ್ಚಲುಮನೆಯಲ್ಲಿ ಬಲ್ಬಿರಲಿಲ್ಲ. ಕತ್ತಲಲ್ಲಿ ಬಕೆಟ್ಟು ಎಡವುವುದು ಆ ಮನೆಯ ನಿತ್ಯಕರ್ಮ. ಹೋಲ್ಡರು ಇತ್ತು, ತಂತಿ ಇತ್ತು, ಸ್ವಿಚ್ಚು ಇತ್ತು. ಬಲ್ಬು ಮಾತ್ರ ಹಾಕುವ ಹಾಗಿರಲಿಲ್ಲ. ಅದೊಂದು ವಿಷಯದಲ್ಲಿ ಅತ್ತೆಯ ಮಾತೇ ಮಾತು.

ಅಮ್ಮ ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದರು. "ನಿನ್ನ ಆ ಪೆಟ್ಟಿಗೆ, ಏನು ಕೇಳಿದ್ರೂ ಹೇಳುತ್ತೇನೋ?"

"ಏನು ಕೇಳಿದ್ರೂ ಹೇಳುತ್ತಮ್ಮ. ಕೇಳೋಕೆ ಬರಬೇಕು ಅಷ್ಟೇ."

ಅಮ್ಮ ಮಡಿಸಿದ ಟವೆಲನ್ನು ಬಿಚ್ಚಿ ಮತ್ತೆ ಮಡಿಸಿದರು.

ಕೋಳಿ ಕೂಗಿಯೇ ಬೆಳಗಾಗುತ್ತದೆ ಅಂದುಕೊಳ್ಳುವ ಕೋಳಿಗಳು ಎಲ್ಲ ಕಚೇರಿಯಲ್ಲೂ ಇರುತ್ತವೆ. ಇಲ್ಲಿ ಆ ಹುದ್ದೆಗೆ ಸಾಹೇಬರಿದ್ದರು. ಊರಿಗೆ ಬಂದು ಎಂಟು ತಿಂಗಳಾಗಿತ್ತು. ಎರಡು ಡಿಗ್ರಿ ಓದಿದವರು. ಎರಡನ್ನೂ ಚೌಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿದ್ದರು, ಬೆನ್ನು ಕಾಯಲಿ ಅಂತ. ಮೇಲಿನ ಕಚೇರಿಯಿಂದ ಒಂದು ಆದೇಶ ಬಂತು: ಊರಿನ ದಾಖಲೆಯಲ್ಲಿರುವ ಜೀವಂತ ವ್ಯಕ್ತಿಗಳದ್ದೊಂದು ಪಟ್ಟಿ, ಮೃತರದ್ದೊಂದು ಪಟ್ಟಿ, ಎರಡರ ಮೊತ್ತ ಒಟ್ಟು ದಾಖಲೆಗೆ ತಾಳೆಯಾಗತಕ್ಕದ್ದು, ಮೂರು ದಿನದೊಳಗೆ.

"ಯಾರಿಗೆ ಬರುತ್ತೆ ಇದು?" ಅಂದರು ಸಾಹೇಬರು.

ಹೆಡ್ ಕ್ಲರ್ಕು ತಲೆ ಎತ್ತಲಿಲ್ಲ. ಆಕೆಯನ್ನು ಎಲ್ಲರೂ ಮೊಹರು ಮೇಡಂ ಅನ್ನುತ್ತಿದ್ದರು. ಕಚೇರಿಯ ಮೊಹರು ಇಪ್ಪತ್ತೆರಡು ವರ್ಷದಿಂದ ಆಕೆಯ ಕೈಯಲ್ಲಿ. ಅಷ್ಟೂ ವರ್ಷದಲ್ಲಿ ಒಂದು ಮೊಹರು ವಾರೆಯಾಗಿ ಬಿದ್ದದ್ದನ್ನು ಕಂಡವರಿಲ್ಲ. ಜವಾನ ಮಾತ್ರ ಹಲ್ಲು ಕಿರಿದ. "ನಮ್ಮ ಅರೆಬರೆಗೆ ಬರುತ್ತಂತೆ ಸಾರ್. ಮನೇಲಿ ಊಟಾನೂ ಕಂಪ್ಯೂಟರ್ ಭಾಷೇಲೇ ಕೇಳ್ತಾನಂತೆ."

ಬಾಯಿಬಿಟ್ಟರೆ ಬಣ್ಣಗೇಡು. ಅರೆಬರೆ ಬಾಯಿಬಿಟ್ಟ. "ಅರ್ಧ ಗಂಟೆ ಕೆಲಸ ಸಾರ್."

ನಿಜಕ್ಕೂ ಅರ್ಧ ಗಂಟೆಯಲ್ಲೇ ಮುಗಿಯಿತು. ಅಲ್ಲೇ ಎಲ್ಲರಿಗೂ ಅನುಮಾನ ಬರಬೇಕಿತ್ತು. ಲಕೋಟೆ ತೆಗೆದು ಮೊದಲ ಪ್ರಶ್ನೆ ಒತ್ತಿದ: ಸ್ಥಿತಿ 'ಜೀವಂತ' ಎಂದಿರುವವರನ್ನು ಕೊಡು. ಐದು ಸಾವಿರದ ಮುನ್ನೂರ ಎಪ್ಪತ್ತೊಂದು ಜನ ಬಂದರು. ಎರಡನೆಯದಕ್ಕೆ ತಲೆ ಓಡಿಸಿದ. ಸತ್ತವರನ್ನು ಸತ್ತವರೇ ಅಂತ ಕರೆಯುವುದು ಯಾಕೆ, ಅಶುಭ. ಸ್ಥಿತಿ 'ಜೀವಂತ' ಅಲ್ಲದವರನ್ನು ಕೊಡು ಅಂದರಾಯಿತಲ್ಲ? ಜೀವಂತ ಅಲ್ಲದವರು ಇನ್ನೇನು ಆಗಿರಲು ಸಾಧ್ಯ? ಎಂಟುನೂರ ನಲವತ್ತೆರಡು ಜನ ಬಂದರು.

ಸಾಹೇಬರು ಕ್ಯಾಲ್ಕುಲೇಟರು ಒತ್ತಿದರು. ಆರು ಸಾವಿರದ ಇನ್ನೂರ ಹದಿಮೂರು.

ದಾಖಲೆಯಲ್ಲಿ ಒಟ್ಟು ಇದ್ದದ್ದು ಆರು ಸಾವಿರದ ಇನ್ನೂರ ಹದಿನಾಲ್ಕು.

ಸಾಹೇಬರು ಇನ್ನೊಮ್ಮೆ ಒತ್ತಿದರು. ಕ್ಯಾಲ್ಕುಲೇಟರಿನ ಬೆನ್ನಿಗೆ ಗುದ್ದಿ ಒತ್ತಿದರು. ಪೆನ್ಸಿಲಿನಲ್ಲಿ ಕೂಡಿದರು. ಎರಡು ಡಿಗ್ರಿ ಸೇರಿ ಒಂದು ಕೂಡುವ ಲೆಕ್ಕಕ್ಕೆ ಊಟದ ಹೊತ್ತಿನವರೆಗೆ ಬೆವರಿದವು. ಒಬ್ಬ ಕಡಿಮೆ. ಹೇಗೆ ಕೂಡಿದರೂ ಒಬ್ಬ ಕಡಿಮೆ.

"ಬದುಕಿದವರಲ್ಲೂ ಇಲ್ಲ, ಸತ್ತವರಲ್ಲೂ ಇಲ್ಲ ಅಂದ್ರೆ ಏನಯ್ಯ ಅರ್ಥ?" ಸಾಹೇಬರು ಗುಡುಗಿದರು. "ದೆವ್ವಾನಾ?"

"ದೆವ್ವ ಆದ್ರೆ ಸತ್ತವರಲ್ಲಿ ಬರಬೇಕು ಸಾರ್," ಅಂದ ಜವಾನ ಗಂಭೀರವಾಗಿ.

"ನೀನು ಟೀ ತಗೊಂಡು ಬಾ ಹೋಗು!"

ತಪ್ಪಾದದ್ದು ಅಲ್ಲಿ. ಜವಾನನ ಕೈಯಲ್ಲಿ ಟೀ ತಣ್ಣಗಾಗಬಹುದು, ಸುದ್ದಿ ತಣ್ಣಗಾಗುವುದಿಲ್ಲ. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ಅದು. ಟೀ ಅಂಗಡಿಯಲ್ಲಿ "ಪಟ್ಟಿಯಲ್ಲಿ ಒಬ್ಬ ಕಡಿಮೆ" ಆಗಿದ್ದದ್ದು, ತಿರುವು ದಾಟುವ ಹೊತ್ತಿಗೆ "ಒಬ್ಬನ ಹೆಸರು ಅಳಿಸಿದ್ದಾರೆ" ಆಯಿತು; ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ "ಹೆಸರಿಲ್ಲದವರ ಮನೆಗೆ ನಾಳೆಯಿಂದ ನೀರಿಲ್ಲ" ಆಯಿತು. ಮೂರು ಗಂಟೆಗೆ ಕಚೇರಿಯ ಮುಂದೆ ಸಾಲು ನಿಂತಿತು. ಪ್ರತಿಯೊಬ್ಬನಿಗೂ ಖಾತ್ರಿ, ಆ ಒಬ್ಬ ತಾನೇ ಅಂತ. ಜನ್ಮದಲ್ಲಿ ಯಾವ ಸಾಲಿನಲ್ಲೂ ಮೊದಲಿಗರಾಗದವರೆಲ್ಲ ಇದರಲ್ಲಿ ಮೊದಲಿಗರಾಗಲು ನುಗ್ಗಿದರು.

ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಟೈಲರು, ಕೊರಳಲ್ಲಿ ಅಳತೆ ಟೇಪಿನ ಸಮೇತ. "ಲೋ ಅರೆಬರೆ, ನಿಜ ಹೇಳು. ನಾನು ತಾನೇ? ನಾನು ತಡ್ಕೋತೀನಿ."

ಅರೆಬರೆ ಹೆಸರು ಒತ್ತಿದ. "ಇದ್ದೀರಿ ಮಾವ. ಜೀವಂತ."

"ಸರಿಯಾಗಿ ನೋಡೋ. ಬೆಳಿಗ್ಗೆಯಿಂದ ಒಂಥರಾ ಆಗ್ತಿದೆ ನನಗೆ."

"ಜೀವಂತ ಅಂತ ಬರ್ದಿದೆ ಮಾವ."

"ನಿನ್ನ ಪೆಟ್ಟಿಗೆಗೇನು ಗೊತ್ತು ನನ್ನ ಎದೆ ನೋವು!" ಅಂದು ಟೈಲರು ನಿರಾಸೆಯಿಂದ ಪಕ್ಕಕ್ಕೆ ಸರಿದರೂ ಹೋಗಲಿಲ್ಲ, ಮುಂದೆ ಯಾರು ಗೆಲ್ಲುತ್ತಾರೆ ನೋಡಬೇಕಲ್ಲ.

ನಿವೃತ್ತ ಮೇಷ್ಟ್ರು ಬಂದರು. ನಲವತ್ತು ವರ್ಷ ಹಾಜರಿ ಕರೆದವರು, ತಮ್ಮ ಹೆಸರು ಬಂದಾಗ ಎದ್ದುನಿಂತು "ಉಪಸ್ಥಿತ" ಅಂದರು. ಒಬ್ಬಾಕೆ ಗಂಡನ ಹೆಸರು ನೋಡಿಸಿ, "ಇದಾರಾ? ಇದ್ದೇ ಇದಾರಾ?" ಅಂತ ಎರಡು ಸಲ ಕೇಳಿ, ನಿಟ್ಟುಸಿರು ಬಿಟ್ಟು ಹೋದಳು. ಒಬ್ಬ ಮುದುಕಿ ಕೋಲೂರಿಕೊಂಡು ಬಂದು, "ನನ್ನದು ಬೇಡಪ್ಪ, ನಮ್ಮೆಜಮಾನರದ್ದು ನೋಡು. ಸತ್ತವರಲ್ಲಿದಾರಾ?" ಅಂದಳು.

"ಇದಾರೆ ಅಜ್ಜಿ."

"ಎಷ್ಟನೆಯವರು?"

"ನೂರ ಎಂಟನೆಯವರು."

"ಹತ್ತಿರದಲ್ಲಿ ಯಾರಿದಾರೆ? ಮಾತಾಡೋರು ಯಾರಾದ್ರೂ ಇದಾರಾ?"

ಅರೆಬರೆ ನೂರ ಏಳು, ನೂರ ಒಂಬತ್ತರ ಹೆಸರು ಓದಿ ಹೇಳಿದ. "ಪರವಾಗಿಲ್ಲ, ಒಳ್ಳೆ ಜನ," ಅಂದು ಅಜ್ಜಿ ಕೋಲೂರಿಕೊಂಡು ಹೊರಟುಹೋದಳು.

ಮರುದಿನವೂ ಸಾಲು ಬಂತು. ಊರಿಗೆ ಊರೇ ಬಂದು ತಾನು ಇದ್ದೇನೆಂದು ಸಾಬೀತು ಮಾಡಿಕೊಂಡು ಹೋಯಿತು. ಒಬ್ಬ ಮಾತ್ರ ಸಿಗಲಿಲ್ಲ.

ಮಧ್ಯಾಹ್ನ ಸಾಹೇಬರೇ ರಿಪೇರಿಯವನಿಗೆ ಫೋನು ಮಾಡಿ ಅರೆಬರೆಯ ಕಿವಿಗೆ ಒತ್ತಿದರು. ಎಲ್ಲರಿಗೂ ಕೇಳುವಂತೆ ಸ್ಪೀಕರು ಹಾಕಿದ್ದರು.

"ಅಣ್ಣ, ಯಾರದ್ದೋ ಸ್ಥಿತಿ ತುಂಬೇ ಇಲ್ಲ, ಅಷ್ಟೇ," ಅಂದ ರಿಪೇರಿಯವನು. "ಪಟ್ಟಿಯಲ್ಲಿ ಆ ಚೌಕ ಖಾಲಿ ಇದೆ. ಖಾಲಿ ಅಂದ್ರೆ ಅದು ಜೀವಂತಕ್ಕೆ ಸಮಾನೂ ಅಲ್ಲ, ಜೀವಂತ ಅಲ್ಲದ್ದೂ ಅಲ್ಲ."

"ಎರಡರಲ್ಲಿ ಒಂದು ಆಗ್ಲೇಬೇಕಲ್ಲಯ್ಯ!" ಸಾಹೇಬರು ಫೋನಿನೊಳಗೆ ಕೂಗಿದರು.

"ಆಗಬೇಕಿಲ್ಲ ಸಾರ್. ಖಾಲಿ ಅಂದ್ರೆ ಗೊತ್ತಿಲ್ಲ ಅಂತ. ಗೊತ್ತಿಲ್ಲದವರು ಯಾವ ಷರತ್ತಿಗೂ ಸಿಗಲ್ಲ. ಅವರನ್ನ ಅವರ ಥರಾನೇ ಕೇಳ್ಬೇಕು. ನಲ್ ಅಂದ್ರೆ ಖಾಲಿ. ವೇರ್ ಸ್ಥಿತಿ ಈಸ್ ನಲ್ ಅಂತ ಒತ್ತಿ, ಬರ್ತಾರೆ. ಆಮೇಲೆ ತುಂಬೋಕೆ ಬೇರೆ ಸಾಲು: ಅಪ್‌ಡೇಟ್, ಸೆಟ್, ಕೊನೇಲಿ ವೇರ್. ಅಣ್ಣ, ಆ ವೇರ್ ಮಾತ್ರ ಮರೀಬೇಡಿ. ಮರೆತು 'ಮೃತ' ಅಂತ ಒತ್ತಿದ್ರೆ ಊರಿಗೆ ಊರೇ ಸತ್ತುಹೋಗುತ್ತೆ."

ಅರೆಬರೆ ಎಲ್ಲವನ್ನೂ ಲಕೋಟೆಯ ಮೇಲೆ ಬರೆದುಕೊಂಡ. ಬೆನ್ನ ಹಿಂದೆ ಸಾಹೇಬರು, ಸಾಹೇಬರ ಹೆಗಲ ಮೇಲಿಂದ ಟೈಲರು, ಟೈಲರ ಕಂಕುಳಡಿಯಿಂದ ಜವಾನ. ಮೊಹರು ಮೇಡಂ ತಮ್ಮ ಕುರ್ಚಿಯಲ್ಲೇ. ಅರೆಬರೆ ಒತ್ತಿದ.

ಒಂದೇ ಸಾಲು ಬಂತು.

ಟೈಲರು ಓದಿದ. ಓದಿದವನು ಟೇಪನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಸುತ್ತಿಕೊಂಡ. ಜವಾನ ಓದಿ, ಟೀ ಲೋಟಗಳನ್ನು ಎತ್ತಿಕೊಂಡು ಹೊರಗೆ ಹೋದ. ಲೋಟಗಳಲ್ಲಿ ಇನ್ನೂ ಟೀ ಇತ್ತು. ಕಿಟಕಿಯಿಂದ ಇಣುಕುತ್ತಿದ್ದವರು ಒಬ್ಬೊಬ್ಬರಾಗಿ ಕಿಟಕಿ ಬಿಟ್ಟರು. ಇಡೀ ಊರಿನಲ್ಲಿ ವಿಷಯ ಗೊತ್ತಿಲ್ಲದವರು ಸಾಹೇಬರೊಬ್ಬರೇ.

"ಸಿಕ್ದ ಕಳ್ಳ!" ಅಂದರು ಅವರು ಹುರುಪಿನಿಂದ. "ಯಾರಯ್ಯ ಇವನು?"

"ನಮ್ಮಣ್ಣ ಸಾರ್."

"ನಿಮ್ಮಣ್ಣಾನಾ? ಮನೇಲೇ ಇಟ್ಕೊಂಡು ಊರೆಲ್ಲ ಹುಡುಕ್ಸಿದ್ಯಾ? ಬದುಕಿದಾನೋ ಇಲ್ವೋ?"

"ಬಲ್ಬ್ ತರೋಕೆ ಹೋಗಿದಾನೆ ಸಾರ್."

"ಬರ್ತಾನಲ್ಲ, ಬಂದ ಮೇಲೆ ಕರ್ಕೊಂಡು ಬಾ. ಯಾವಾಗ ಹೋದ?"

"ಹನ್ನೊಂದು ವರ್ಷ ಆಯ್ತು ಸಾರ್."

ಸಾಹೇಬರು ಪರದೆಯ ಕಡೆಗೆ ಬಗ್ಗಿ ಇನ್ನೊಮ್ಮೆ ಓದಿದರು. ಎರಡು ಡಿಗ್ರಿಯಲ್ಲಿ ಒಂದಕ್ಕೂ ಏನೂ ಹೊಳೆಯಲಿಲ್ಲ.

ನಡೆದದ್ದು ಇಷ್ಟೇ. ಒಂದು ಸಂಜೆ ಬಚ್ಚಲಿನ ಬಲ್ಬು ಹೋಯಿತು. "ಅರವತ್ತರದ್ದು ತಾ, ನಲವತ್ತರದ್ದು ಬೇಡ, ಮಂಕು," ಅಂದರು ಅಮ್ಮ. ಅಣ್ಣ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಶಿಳ್ಳೆ ಹಾಕುತ್ತ ಹೋದ. ಬಲ್ಬಿನಂಗಡಿಯವನು, ನನ್ನ ಹತ್ತಿರ ಬರಲೇ ಇಲ್ಲ ಅಂದ. ಪೊಲೀಸರು ಹುಡುಕಿದರು, ನೆಂಟರು ಹುಡುಕಿದರು, ಆಸ್ಪತ್ರೆಗಳಲ್ಲಿ ನೋಡಬಾರದ ಕಡೆಯೆಲ್ಲ ನೋಡಿ ಬಂದರು. ಅಣ್ಣ ಇರಲಿಲ್ಲ. ಎಲ್ಲೂ ಇರಲಿಲ್ಲ. ಬೇರೆ ಬಲ್ಬು ತರುತ್ತೇನೆಂದರೆ ಅಮ್ಮ, "ಅವನು ತರ್ತಾನಲ್ಲ, ಎರಡೆರಡು ಯಾಕೆ?" ಅನ್ನುತ್ತಿದ್ದರು. ಮೊದಮೊದಲು ಅದು ನಂಬಿಕೆಯಾಗಿತ್ತು. ಆಮೇಲೆ ಏನಾಯಿತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಐದು ವರ್ಷದ ಕೆಳಗೆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಬಂದಾಗ ಅರೆಬರೆಯ ಪಾಲಿಗೆ ಅವನ ಬೀದಿಯ ಪುಟಗಳೇ ಬಂದಿದ್ದವು. ಅಪ್ಪ: ಮೃತ. ಅಮ್ಮ: ಜೀವಂತ. ಅಣ್ಣ: ಅಷ್ಟರಲ್ಲಿ ಟೀ ಬಂತು. ಕುಡಿದು ಬಂದವನು ತನ್ನ ಹೆಸರಿನಿಂದ ಮುಂದುವರಿಸಿದ. ಅದೊಂದು ದಿನ ಟೀ ಪೂರ್ತಿ ಕುಡಿದಿದ್ದ.

ಸಾಹೇಬರು ಗಂಟಲು ಸರಿಮಾಡಿಕೊಂಡರು. ದನಿ ತಗ್ಗಿಸಿದರು, ಗಡುವು ತಗ್ಗಿಸಲಿಲ್ಲ. "ನೋಡಯ್ಯ, ನನಗೂ ಬೇಜಾರಿದೆ. ಆದ್ರೆ ಖಾಲಿ ಕಳಿಸೋ ಹಾಗಿಲ್ಲ. ನಾಳೆ ಐದು ಗಂಟೆಗೆ ಲಕೋಟೆ ಹೋಗ್ಬೇಕು. ಒಂದು ಪದ ತುಂಬು. ಯಾವುದಾದ್ರೂ ಸರಿ."

"ಜೀವಂತ ಅಂತ ಒತ್ತೋ," ಅಂದ ಟೈಲರು. "ನಿನ್ನ ಗಂಟೇನು ಹೋಗುತ್ತೆ?"

"ಜೀವಂತ ಅಂದ್ರೆ ಹೊಸ ಫೋಟೋ, ಹೆಬ್ಬೆಟ್ಟು ಬೇಕು," ಅಂದರು ಮೊಹರು ಮೇಡಂ. ಎರಡು ದಿನದಲ್ಲಿ ಆಕೆ ಬಾಯಿಬಿಟ್ಟದ್ದು ಅದೇ ಮೊದಲು. "ಏಳು ವರ್ಷದಿಂದ ಸುಳಿವಿಲ್ಲದವರನ್ನ, ಹತ್ತಿರದ ಬಂಧುವಿನ ಲಿಖಿತ ಒಪ್ಪಿಗೆ ಮೇಲೆ, ಮೃತರೆಂದು ಭಾವಿಸಬಹುದು. ತಾಯಿ ಇದ್ರೆ ತಾಯಿ ಸಹಿ. ಇಬ್ಬರು ಸಾಕ್ಷಿ. ಎರಡು ಪ್ರತಿ." ನಿಯಮದ ಪುಸ್ತಕವನ್ನು ಆಕೆ ತೆರೆಯಲಿಲ್ಲ. ಕಪಾಟಿನ ಕೆಳಗಿನ ಅರೆಯಿಂದ ಫಾರಂ ತೆಗೆದು ಮೇಜಿನ ಮೇಲಿಟ್ಟು, ಮತ್ತೆ ತಮ್ಮ ಕಡತಕ್ಕೆ ಬಗ್ಗಿದರು.

ಕಲ್ಲಿಗೆ ಸೀರೆ ಉಡಿಸಿದ ಹಾಗೆ ಹೆಂಗಸು ಅಂದುಕೊಂಡ ಟೈಲರು. ಅಂದುಕೊಂಡದ್ದನ್ನು ಹೊರಗೆ ಬಂದು ನಾಲ್ಕು ಜನಕ್ಕೆ ಹೇಳಿಯೂ ಹೇಳಿದ.

ಅರೆಬರೆ ಮನೆ ಮುಟ್ಟುವ ಮೊದಲೇ ಸೋದರಮಾವ ಮುಟ್ಟಿದ್ದರು. ಸಾವು ಅಂದರೆ ಸಾಕು, ಪೆನ್ನು ಹಿಡಿದು ಬರುವ ನೆಂಟರು ಎಲ್ಲ ಮನೆಗೂ ಒಬ್ಬರಿರುತ್ತಾರೆ. ಬಾಗಿಲಲ್ಲಿ ಟೈಲರು ಮತ್ತು ಟೈಲರ ಹೆಂಡತಿ, ಸಾಕ್ಷಿಗೆ ಬೇಕಾದರೆ ಇರಲಿ ಅಂತ.

"ಅಕ್ಕಾ, ಏನಿಲ್ಲ, ಒಂದು ಸಹಿ," ಅಂದರು ಮಾವ. "ಕಚೇರಿ ಕೆಲಸ. ಇಲ್ಲಿ, ಈ ಗೆರೆ ಮೇಲೆ."

ಅಮ್ಮ ಕನ್ನಡಕ ಹುಡುಕಲಿಲ್ಲ. "ಏನು ಬರೆದಿದೆ ಓದೋ," ಅಂದರು ಮಗನಿಗೆ.

ಅರೆಬರೆ ಓದಿದ. "'ಮೇಲ್ಕಂಡ ವ್ಯಕ್ತಿಯ ಬಗ್ಗೆ ಏಳು ವರ್ಷಗಳಿಗೂ ಮೇಲ್ಪಟ್ಟು…'"

"ಮುಂದೆ?"

"ಅಷ್ಟೇ ಅಮ್ಮ."

"ಇದೊಂದನ್ನ ಅರ್ಧಕ್ಕೆ ಬಿಡಬೇಡ. ಓದು."

"'…ಯಾವುದೇ ಸುಳಿವಿಲ್ಲದ ಕಾರಣ, ಸದರಿಯವರನ್ನು ಮೃತರೆಂದು ಭಾವಿಸಲು ನನ್ನ ಅಭ್ಯಂತರವಿರುವುದಿಲ್ಲ.'"

"ಭಾವಿಸೋರು ಯಾರು?"

"ಕಚೇರಿಯವರು."

"ಭಾವಿಸ್ಕೊಳ್ಳಲಿ. ಅವರವರ ಭಾವ ಅವರಿಗೆ. ನನ್ನ ಸಹಿ ಯಾಕೆ?"

"ಅಕ್ಕಾ, ಹಟ ಮಾಡ್ಬೇಡ," ಮಾವ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. "ಹೋಗ್ಲಿ, ಬದುಕಿದಾನೆ ಅಂತಾನೇ ಬರ್ಕೊಡು. ಅದಕ್ಕಾದ್ರೂ ಹಾಕ್ತೀಯಾ?"

ಬೀದಿಗೆ ಬೀದಿಯೇ ಬಲ್ಲದು, ಹನ್ನೊಂದು ವರ್ಷದಿಂದ ಆ ಹೆಂಗಸು ಬಚ್ಚಲಿಗೆ ಬಲ್ಬು ಹಾಕಿಸಿಲ್ಲ. ಈ ಮಾತಿಗೆ ಪೆನ್ನು ಕಿತ್ತುಕೊಳ್ಳುತ್ತಾರೆಂದು ಟೈಲರ ಹೆಂಡತಿ ಕತ್ತು ಚಾಚಿದಳು. ಅಮ್ಮ ತಮ್ಮ ಅಂಗೈ ನೋಡಿಕೊಂಡರು.

"ಅದಕ್ಕೂ ಹಾಕಲ್ಲ."

"ಯಾಕಕ್ಕಾ?"

"ಗೊತ್ತಿಲ್ಲವಲ್ಲೋ," ಅಂದರು ಅಮ್ಮ.

ಮಾವನ ಪೆನ್ನಿನ ಮುಚ್ಚಳ ಕೆಳಗೆ ಬಿದ್ದು ಉರುಳಿತು. ಯಾರೂ ಎತ್ತಿಕೊಳ್ಳಲಿಲ್ಲ. ಅರೆಬರೆಯ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ಇಷ್ಟು ದಿನ ಏನು ಬರೆದಿತ್ತು ಅಲ್ಲಿ?" ಅಮ್ಮ ಕೇಳಿದರು.

"ಏನೂ ಬರೆದಿರ್ಲಿಲ್ಲ. ಖಾಲಿ ಇತ್ತು."

"ಯಾರು ಬಿಟ್ಟಿದ್ದು ಖಾಲಿ?"

"ನಾನೇ."

"ಯಾಕೆ?"

ಅರೆಬರೆ ತಲೆ ತಗ್ಗಿಸಿದ. "ಟೀ ಬಂತಮ್ಮ."

ಅಮ್ಮ ನಕ್ಕರು. ಹಲ್ಲು ಕಾಣದ ಸಣ್ಣ ನಗು. ಆದರೂ ಆ ಮನೆಯಲ್ಲಿ ಅದನ್ನು ಕಂಡು ಬಹಳ ಕಾಲವಾಗಿತ್ತು. "ಹುಟ್ಟಿದಾಗಿನಿಂದ ಒಂದು ಕೆಲಸ ನೆಟ್ಟಗೆ ಮಾಡಿದೀಯ ಕಣೋ. ಹಾಗೇ ಇರಲಿ ಬಿಡು."

ಮರುದಿನ ನಾಲ್ಕು ಗಂಟೆಗೆ ಅರೆಬರೆ ಸಾಹೇಬರ ಮುಂದೆ ಮೂರು ಪಟ್ಟಿ ಇಟ್ಟ. ಜೀವಂತರು. ಮೃತರು. ಮೂರನೆಯ ಹಾಳೆಯ ತಲೆಯಲ್ಲಿ "ಗೊತ್ತಿಲ್ಲದವರು" ಅಂತ ಬರೆದು, ಕೆಳಗೆ ಒಂದೇ ಹೆಸರು. ಸಾಹೇಬರ ಮುಖ ಕೆಂಪಾಯಿತು.

"ಮೇಲಿನವರು ಕೇಳಿದ್ದು ಎರಡು ಪಟ್ಟಿ! ಮೂರನೇದು ಯಾವ ನಿಯಮದಲ್ಲಿದೆ?"

ಅರೆಬರೆ ಪಟ್ಟಿಗಳ ಅಂಚು ಜೋಡಿಸಿದ. ಆಮೇಲೆ ಒಂದು ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದ. "ಎರಡು ಪಟ್ಟಿ ಕಳಿಸಿದ್ರೆ ಒಬ್ಬ ಕಡಿಮೆ ಬರ್ತಾನೆ ಸಾರ್, ಮೂರು ಕಳಿಸಿದ್ರೆ ಮೊತ್ತ ತಾಳೆ ಆಗುತ್ತೆ."

ಸಾಹೇಬರು ಕ್ಯಾಲ್ಕುಲೇಟರು ಎಳೆದುಕೊಂಡರು. ಐದು ಸಾವಿರದ ಮುನ್ನೂರ ಎಪ್ಪತ್ತೊಂದು, ಎಂಟುನೂರ ನಲವತ್ತೆರಡು, ಒಂದು. ಆರು ಸಾವಿರದ ಇನ್ನೂರ ಹದಿನಾಲ್ಕು. ಮೂರು ದಿನದಿಂದ ಗಂಟಿಕ್ಕಿದ್ದ ಹುಬ್ಬು ಸಡಿಲವಾಯಿತು. "ಮೊದ್ಲೇ ಹೇಳೋಕೇನಾಗಿತ್ತು ನಿನಗೆ!" ಅಂದು, ಮೂರಕ್ಕೂ ಸಹಿ ಜಡಿದು, ಟೋಪಿ ಹಾಕಿಕೊಂಡು ಮನೆಗೆ ಹೋದರು. ಮನುಷ್ಯ ಏನಾದರೆ ಅವರಿಗೇನು, ಮೊತ್ತ ಸರಿಯಾಗಬೇಕು. ಅದಕ್ಕೇ ಅವರಿಗೆ ಕುರ್ಚಿ ಕೊಟ್ಟಿರುವುದು.

ಇನ್ನು ಮೊಹರೊಂದು ಬಾಕಿ. ಜವಾನ ಲಕೋಟೆ ಹಿಡಿದು ಕಾಯುತ್ತಿದ್ದ. ಮೊಹರು ಮೇಡಂ ಮೊಹರನ್ನು ಶಾಯಿಗೆ ಒತ್ತಿದರು, ಎತ್ತಿದರು, ಹಾಳೆಯ ಮೇಲೆ ತಂದು ನಿಲ್ಲಿಸಿದರು. ಒತ್ತಲಿಲ್ಲ.

"ಗೋಂದು ಒಣಗಿದೆ. ಹೊಸದು ತಗೊಂಡು ಬಾ," ಅಂದರು ಜವಾನನಿಗೆ. ಗೋಂದು ಒಣಗಿರಲಿಲ್ಲ. ಜವಾನ ಹೋದ.

"ಅರೆಬರೆ."

"ಮೇಡಂ?"

"ತುಂಬಿದ್ದನ್ನ ಖಾಲಿ ಮಾಡೋಕೆ ಬರುತ್ತಾ ನಿನಗೆ?"

ಅವನಿಗೆ ಅರ್ಥವಾಗಲಿಲ್ಲ. ಆಕೆ ಹಾಳೆಯಿಂದ ಕಣ್ಣೆತ್ತದೆ, ನಿಯಮ ಹೇಳುವ ದನಿಯಲ್ಲೇ ಹೇಳಿದರು: "ನೋಂದಣಿ ಸಂಖ್ಯೆ ನಾಲ್ಕು ಸಾವಿರದ ಹದಿನೇಳು. ಮೃತರ ಪಟ್ಟಿ. ನನ್ನ ಮಗಳು. ಕಾಣೆಯಾಗಿ ಏಳು ವರ್ಷ ತುಂಬಿದ ದಿನ ನಮ್ಮೆಜಮಾನರು ಫಾರಂ ತಂದ್ರು, ಎಷ್ಟು ದಿನ ಹೀಗೇ ಅಂತ. ತಾಯಿ ಸಹಿ. ಇಬ್ಬರು ಸಾಕ್ಷಿ. ಎರಡು ಪ್ರತಿ." ಮೊಹರಿನ ಹಿಡಿಯನ್ನು ಒಮ್ಮೆ ತಿರುಗಿಸಿದರು. "ಮೊಹರು ನಾನೇ ಒತ್ತಿದ್ದು. ನೆಟ್ಟಗೇ ಬಿತ್ತು."

ಅರೆಬರೆ ಜೇಬಿನಿಂದ ತನ್ನ ಹಳೇ ಲಕೋಟೆ ತೆಗೆದ. ಅಪ್‌ಡೇಟ್, ಸೆಟ್. ವೇರ್ ಎಂಬಲ್ಲಿಗೆ ಬಂದಾಗ ಸಂಖ್ಯೆಯನ್ನು ಒಂದು ಸಲ ಒತ್ತಿ, ಮೂರು ಸಲ ಓದಿದ. ತನ್ನ ಅಂಗಿಯ ಗುಂಡಿಯನ್ನು ಜನ್ಮದಲ್ಲಿ ಎರಡನೇ ಸಲ ನೋಡದವನು ಆ ನಾಲ್ಕು ಅಂಕಿಗಳನ್ನು ಬೆರಳಿಟ್ಟು ನೋಡಿದ. ಒತ್ತಿದ. ಒಂದು ಸಾಲು ಬದಲಾಯಿತು ಅಂತ ಪರದೆ ಹೇಳಿತು. ಮೃತರು ಎಂಟುನೂರ ನಲವತ್ತೊಂದು, ಗೊತ್ತಿಲ್ಲದವರು ಇಬ್ಬರು. ಆ ಎರಡು ಪಟ್ಟಿಯನ್ನು ಹೊಸದಾಗಿ ಅಚ್ಚು ತೆಗೆದ. ಸಾಹೇಬರ ಸಹಿ ಇದ್ದ ಹಳೆಯವನ್ನು ಮೇಡಂ ಮಡಿಸಿ ಚೀಲಕ್ಕೆ ಹಾಕಿಕೊಂಡು, ಹೊಸದರ ಮೇಲೆ ಸಾಹೇಬರ ಪರವಾಗಿ ತಾವೇ ಸಹಿ ಹಾಕಿದರು. ಮೊತ್ತ ಈಗಲೂ ಆರು ಸಾವಿರದ ಇನ್ನೂರ ಹದಿನಾಲ್ಕೇ. ಮೇಲಿನವರು ಕೂಡಿ ನೋಡಿ ಸಂತೋಷಪಡಬಹುದು.

ಮೊದಲೆರಡು ಪಟ್ಟಿಯ ಮೇಲೆ ಮೊಹರು ದುಂಡಗೆ ಬಿತ್ತು. ಮೂರನೆಯದರ ಮೇಲೆ ಅರ್ಧವೇ ಬಿತ್ತು. ಆಕೆ ಅದನ್ನೊಮ್ಮೆ ನೋಡಿದರು. ಇನ್ನೊಮ್ಮೆ ಒತ್ತಲಿಲ್ಲ.

ಅರೆಬರೆ ಮನೆಗೆ ಬಂದಾಗ ಹೆಂಡತಿ ಬಚ್ಚಲಿನಲ್ಲಿ ಬಕೆಟ್ಟನ್ನು ಬೈಯುತ್ತಿದ್ದಳು. ಅಮ್ಮ ಬಾಗಿಲಲ್ಲಿ ಕೈಚೀಲ ಹಿಡಿದು ನಿಂತಿದ್ದರು.

"ಬಲ್ಬೊಂದು ತಂದ್ಬಿಡೋ," ಅಂದರು. "ಅವನೂ ತಂದ್ರೆ ಎರಡಾಗುತ್ತೆ. ಇರಲಿ." ಚೀಲ ಕೊಟ್ಟ ಮೇಲೆ, "ಅರವತ್ತರದ್ದು ತಾ. ನಲವತ್ತರದ್ದು ಬೇಡ, ಮಂಕು."

ಬಚ್ಚಲಿನ ಬೈಗುಳ ನಿಂತಿತು. ಹೆಂಡತಿ ಒದ್ದೆ ಕೈಯಲ್ಲೇ ಹೊರಗೆ ಬಂದಳು. ಅಂಗಡಿ ಇರುವುದು ಎರಡು ತಿರುವಿನಾಚೆ, ಹೋಗಿ ಬರಲು ಹತ್ತು ನಿಮಿಷ. ಅರೆಬರೆ ಹೊರಟ. ಅವನ ಬೆನ್ನು ಮೊದಲ ತಿರುವಿನಲ್ಲಿ ಮರೆಯಾಗುವವರೆಗೆ ಅಮ್ಮ ನೋಡಿದರು. ಮರೆಯಾದ ಮೇಲೂ ನೋಡಿದರು. ಹತ್ತು ನಿಮಿಷವಾಯಿತು. ಟೈಲರು ಮಿಷನ್ನು ನಿಲ್ಲಿಸಿ ಮೆಟ್ಟಿಲಿಗೆ ಬಂದ. ಹದಿನೈದಾಯಿತು. ಟೈಲರ ಹೆಂಡತಿ ಬಂದು ಅಮ್ಮನ ಪಕ್ಕ ನಿಂತಳು. ಎದುರುಮನೆಯ ಮೇಷ್ಟ್ರು ಗೇಟಿಗೆ ಬಂದು ಗಡಿಯಾರ ನೋಡಿಕೊಂಡರು. ಇಪ್ಪತ್ತಾಯಿತು. "ಮರೆತು ಬೇರೆಲ್ಲೋ ನಿಂತಿರ್ತಾರೆ ಅತ್ತೆ, ಗೊತ್ತಲ್ಲ ಇವರ ಹಣೆಬರಹ," ಅಂದಳು ಹೆಂಡತಿ. ಅಂದವಳು ಚಪ್ಪಲಿ ಮೆಟ್ಟಿಕೊಳ್ಳತೊಡಗಿದಳು. ಬೀದಿಯಲ್ಲಿ ಒಂದು ಸೈಕಲ್ಲಿನ ಸದ್ದೂ ಇರಲಿಲ್ಲ.

ತಿರುವಿನಲ್ಲಿ ಒಂದು ಅಂಗಿ ಕಾಣಿಸಿತು. ಎಡಭಾಗ ಒಳಗೆ, ಬಲಭಾಗ ಗಾಳಿಗೆ.

ಇಡೀ ಬೀದಿ ಒಟ್ಟಿಗೆ ಉಸಿರುಬಿಟ್ಟು, ತನಗೇನೂ ಗೊತ್ತಿಲ್ಲದಂತೆ ಬೇರೆ ಕಡೆ ನೋಡಿತು. ಅರೆಬರೆ ಬಂದು ಚೀಲದಿಂದ ಬಲ್ಬು ತೆಗೆದು ಅಮ್ಮನ ಕೈಗಿಟ್ಟ. ಅಮ್ಮ ಅದನ್ನು ಕಣ್ಣ ಹತ್ತಿರ ಹಿಡಿದು, ತಿರುಗಿಸಿ, ಮೇಲೆ ಬರೆದದ್ದನ್ನು ಓದಿದರು.

"ನಲವತ್ತರದ್ದು ತಂದಿದೀಯಲ್ಲೋ," ಅಂದರು. "ಅರವತ್ತರದ್ದು ಅಂದಿರ್ಲಿಲ್ವೇನೋ ನಾನು? ಅರವತ್ತರದ್ದು ಅಂದಿರ್ಲಿಲ್ವಾ?"

"ಬದಲಾಯಿಸ್ಕೊಂಡು ಬರ್ತೀನಮ್ಮ, ಈಗ ಬಂದೆ," ಅಂತ ಅವನು ತಿರುಗಿದ.

ಅಮ್ಮ ಅವನ ಮಣಿಕಟ್ಟು ಹಿಡಿದುಕೊಂಡಿದ್ದರು. ಬಿಡಲಿಲ್ಲ.